ಹೊಳೆಯಾಚೆಗೆ ಟಾಂಗಾ ಡಾಕ್ಟರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳೆಯ ಮೇಲೆ ಮಂಜು ಹಾಗೇ ಮಲಗಿದೆ. ಹಳೆಯ ಮರದ ಸೇತುವೆಯ ಮುಂದೆ ಎರಡು ಗಾಲಿಯ ಗಾಡಿಯೊಂದು ನಿಂತಿದೆ. ಅದಕ್ಕೆ ಕಟ್ಟಿದ ಕಂದು ಬಣ್ಣದ ದಪ್ಪ ಕುದುರೆ ಹಲಗೆಯನ್ನು ಮೂಸುತ್ತದೆ, ಹೆಜ್ಜೆ ಮಾತ್ರ ಇಡಲೊಲ್ಲದು. ಲಗಾಮು ಹಿಡಿದಿದ್ದ ಹೆಂಗಸು ಔಷಧದ ಚೀಲವನ್ನು ಸೀಟಿನ ಮೇಲಿಟ್ಟು ಕೆಳಗಿಳಿಯುತ್ತಾರೆ. ಕುದುರೆಯ ಕತ್ತು ತಟ್ಟಿ, "ನಡಿಯವ್ವಾ, ಯಾಕ ಅಂಜ್ತೀ? ನಿನ್ನೆ ದಾಟಿದ್ದ ಹಾದೀನ ಅಲ್ಲೇನ ಇದು?" ಅನ್ನುತ್ತಾರೆ. ಕುದುರೆ ದೊಡ್ಡದೊಂದು ಉಸಿರು ಬಿಟ್ಟು ಅವರ ಹಿಂದೆ ಹೆಜ್ಜೆ ಹಾಕುತ್ತದೆ.

ಉತ್ತರ ಸ್ವೀಡನ್ನಿನ ಈ ಕಾಡುಸೀಮೆಯಲ್ಲಿ ಬಿಜಾಪುರದ ಕನ್ನಡಕ್ಕೆ ಕಿವಿಗೊಡುವ ಜೀವ ಇದೊಂದೇ. ಕುದುರೆಯ ಹೆಸರು ಬ್ಲೆಂಡಾ. ಹೆಂಗಸು ಡಾಕ್ಟರ್ ಸುಲೋಚನಾ, ವಯಸ್ಸು ಐವತ್ಮೂರು.

ಉಮೆಯೊ ಊರಿನಿಂದ ಒಳನಾಡಿಗೆ ಮೂರು ತಾಸು ಕಾರು ಓಡಿಸಿದರೆ ಅವರ ಚಿಕ್ಕ ಆರೋಗ್ಯ ಕೇಂದ್ರ ಸಿಗುತ್ತದೆ. ಹೊಳೆಯಾಚೆ ಅಲ್ಲೊಂದು ಇಲ್ಲೊಂದು ಒಂಬತ್ತು ಮನೆಗಳು, ಹೆಚ್ಚಿನವರು ಒಂಟಿ ಮುದುಕರು. ೨೦೦೬ರ ವಸಂತದಲ್ಲಿ ಹಿಮ ಕರಗಿ ಬಂದ ನೆರೆ ಸೇತುವೆಯ ಕಂಬಗಳನ್ನು ಅಲುಗಿಸಿತು. ಮೋಟಾರು ವಾಹನ ದಾಟುವಂತಿಲ್ಲ ಎಂದು ಕೊಮ್ಯೂನಿನವರು ಬೋರ್ಡು ಹಾಕಿದರು. ನಮ್ಮ ಕಡೆಯ ಪುರಸಭೆ ಇದ್ದ ಹಾಗೆ ಇಲ್ಲಿಯ ಕೊಮ್ಯೂನು. ಹೊಸ ಸೇತುವೆ ಮಂಜೂರಾಗಿದೆ, ಇನ್ನೂ ಬಂದಿಲ್ಲ. ಕಾಡು ಸುತ್ತಿಕೊಂಡು ಹೋಗುವ ದಾರಿಯಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಚಳಿಗಾಲಕ್ಕೆ ಹೊಳೆ ಹೆಪ್ಪುಗಟ್ಟಿದರೆ ಅದರ ಮೇಲೇ ಕಾರು ಹೋದೀತು, ಉಳಿದ ತಿಂಗಳು ಏನು ಮಾಡುವುದು?

"ಕುದುರೆಗೇನೂ ಬೋರ್ಡು ಹಾಕಿರಲಿಲ್ಲ ನೋಡ್ರಿ" ಎಂದು ನಗುತ್ತಾರೆ ಸುಲೋಚನಾ. ಪಕ್ಕದ ಮನೆಯ ಸ್ವೆನ್-ಎರಿಕ್ ಕಾಡಿನಿಂದ ಮರದ ದಿಮ್ಮಿ ಎಳೆಯಲು ಬ್ಲೆಂಡಾಳನ್ನು ಸಾಕಿದ್ದರು. ಕೊಟ್ಟಿಗೆಯಲ್ಲಿ ತಾತನ ಕಾಲದ ಗಾಡಿಯೂ ಇತ್ತು. ಡಾಕ್ಟರು ಕುದುರೆ ಕೇಳಲು ಬಂದಾಗ ಆತ ತಮಾಷೆ ಅಂದುಕೊಂಡರಂತೆ. ಆಕೆ ತೊಗಲುಪಟ್ಟಿ ಬಿಗಿದ ರೀತಿ ನೋಡಿ ಕುದುರೆ, ಗಾಡಿ ಎರಡನ್ನೂ ಕೊಟ್ಟರು.

ಆ ಕೈಚಳಕ ತಂದೆಯದು. ತಂದೆ ಲಿಂಗರಾಜ ಬಿಜಾಪುರದ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದವರು. ಮಗಳು ಅದೇ ಟಾಂಗಾದಲ್ಲಿ ಶಾಲೆಗೆ ಹೋಗಿ, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿದಳು. ಮಣ್ಣಿನ ಸಂಶೋಧಕ ಶಂಕರ ಅವರನ್ನು ಮದುವೆಯಾಗಿ, ಅವರಿಗೆ ಕೆಲಸ ಸಿಕ್ಕ ಉಮೆಯೊಗೆ ಕೂಸನ್ನು ಎತ್ತಿಕೊಂಡು ಬಂದಳು. ಇಲ್ಲಿ ಭಾಷೆ ಕಲಿತು, ಮತ್ತೆ ಪರೀಕ್ಷೆ ಕಟ್ಟಿ ಡಾಕ್ಟರ್ ಆಗುವಷ್ಟರಲ್ಲಿ ಶಂಕರ ಕಾಯಿಲೆ ಬಿದ್ದು ತೀರಿಕೊಂಡರು. ಯಾರೂ ಬರಲೊಪ್ಪದ ಈ ಒಳನಾಡಿನ ಕೆಲಸವನ್ನು ಸುಲೋಚನಾ ಆಮೇಲೆ ಒಪ್ಪಿಕೊಂಡರು. ಮಗಳು ನಿವೇದಿತಾ ದೂರದ ರಾಜಧಾನಿಯ ಕಿಸ್ಟಾ ಬಡಾವಣೆಯಲ್ಲಿ ಟೆಲಿಕಾಂ ಕಂಪನಿಯೊಂದರಲ್ಲಿದ್ದಾಳೆ. ಭಾನುವಾರ ಫೋನು ಬರುತ್ತದೆ. "ನಾನು ಕನ್ನಡದಾಗ ಕೇಳ್ತೀನಿ, ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡ್ತಾಳೆ. ಪ್ರೀತಿ ಇಲ್ಲ ಅಂತಲ್ಲ. ಆದ್ರೆ ಫೋನ್ ಇಟ್ಟ ಮೇಲೆ ಮನೆ ಇನ್ನಷ್ಟು ಸುಮ್ಮನಾಗ್ತದ." ಯುಗಾದಿಗೆ ಉಮೆಯೊದ ಕನ್ನಡದವರು ಸೇರುತ್ತಾರೆ. ಅಲ್ಲಿ ಬೆಂಗಳೂರಿನ ಹುಡುಗರ ನಡುವೆ ತಮ್ಮ ಮಾತನ್ನು ಸ್ವಲ್ಪ ತಿದ್ದಿಕೊಂಡೇ ಆಡುತ್ತಾರೆ. ತಿದ್ದಿಕೊಳ್ಳದೆ ಆಡುವುದು ಬ್ಲೆಂಡಾಳ ಹತ್ತಿರ ಮಾತ್ರ.

ಹೊಳೆಯಾಚೆಯ ಕೊನೆಯ ಮನೆ ಎಲ್ಸಾ ಎಂಬ ಮುದುಕಿಯದಾಗಿತ್ತು. ಎಂಬತ್ತು ದಾಟಿದ, ಹಿಂದೆ ಮುಂದೆ ಯಾರೂ ಇಲ್ಲದ ಜೀವ. ಹೊರದೇಶದ ಡಾಕ್ಟರು ಬೇಡವೆಂದು ಎರಡು ಸಲ ಬಾಗಿಲು ತೆರೆದಿರಲಿಲ್ಲ. ಸುಲೋಚನಾ ಗಾಡಿ ಹೊಡೆದುಕೊಂಡು ಹೋದ ದಿನ ಬಾಗಿಲು ತಾನಾಗಿ ತೆರೆಯಿತು. ಮುದುಕಿ ಡಾಕ್ಟರನ್ನು ದಾಟಿ ಹೋಗಿ ಕುದುರೆಗೆ ರೊಟ್ಟಿ ತಿನ್ನಿಸಿದಳು. "ಕುದುರೆ ಚೆನ್ನಾಗಿ ನೋಡ್ಕೊಂಡಿದ್ದೀಯ, ಒಳಗೆ ಬಾ" ಅಂದಳು. ಅಂದಿನಿಂದ ಪ್ರತಿ ಸಲ ಕಾಫಿ, ದಾಲ್ಚಿನ್ನಿ ಹಾಕಿದ ಬನ್ನು. ಮಾತು ಕಡಿಮೆ. ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂರುವುದು.

ಕಳೆದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಸುಲೋಚನಾ ಹೋದಾಗ ಎಲ್ಸಾ ಹಾಸಿಗೆ ಹಿಡಿದಿದ್ದಳು. ಮೊದಲೇ ಸೋತ ಹೃದಯ, ಈಗ ಎದೆಯಲ್ಲಿ ಕಫ ಕಟ್ಟಿ ಉಸಿರು ಎಳೆಯುತ್ತಿತ್ತು. ಸುಲೋಚನಾ ಹೆಲಿಕಾಪ್ಟರಿಗೆ ಫೋನು ಮಾಡಿದರು. ಅಷ್ಟರಲ್ಲಿ ಮುದುಕಿ ಅವರ ತೋಳು ಹಿಡಿದಳು.

"ಬೇಡ. ಆಸ್ಪತ್ರೆಯ ಬಿಳಿ ಗೋಡೆ ಬೇಡ ನಂಗೆ. ನೀನು ಕೂತ್ಕೋ."

"ಅಲ್ಲಿ ಹೋದ್ರೆ ಬದುಕಬಹುದು, ಎಲ್ಸಾ."

"ಎಷ್ಟು ದಿನಕ್ಕೆ?"

ಸುಲೋಚನಾ ಮತ್ತೊಮ್ಮೆ ನಾಡಿ ಹಿಡಿದು ನೋಡಿದರು. ಕೇಳೋಣವೆಂದರೆ ಸುತ್ತಮುತ್ತ ಇನ್ನೊಬ್ಬ ಡಾಕ್ಟರಿಲ್ಲ. ಮನೆಯವರನ್ನು ಕೇಳೋಣವೆಂದರೆ ಮನೆಯವರಿಲ್ಲ. ಮುದುಕಿಯ ಬುದ್ಧಿ ನಿಚ್ಚಳವಾಗಿತ್ತು. ಮತ್ತೆ ಫೋನು ಮಾಡಿ ಹೆಲಿಕಾಪ್ಟರು ಬೇಡವೆಂದರು. ಸಂಕಟ ಕಡಿಮೆಯಾಗಲು ಔಷಧ ಕೊಟ್ಟು, ಒಲೆಗೆ ಕಟ್ಟಿಗೆ ಹಾಕಿ, ಪಕ್ಕದಲ್ಲಿ ಕುಳಿತರು.

ಹೊತ್ತು ಇಳಿಯುವಾಗ ಎಲ್ಸಾ ಮಾತಾಡತೊಡಗಿದಳು. ಅದು ಸ್ವೀಡಿಷ್ ಅಲ್ಲ, ಸುಲೋಚನಾ ಎಂದೂ ಕೇಳದ ಭಾಷೆ. ಎಲ್ಸಾ, ಹಿಮಸಾರಂಗ ಕಾಯುವ ಇಲ್ಲಿನ ಮೂಲನಿವಾಸಿ ಸಾಮಿ ಜನರ ಮಗಳು. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಪೆಟ್ಟು ತಿಂದು ಮಾತನ್ನೇ ನುಂಗಿಕೊಂಡವಳು. ಸ್ವೆನ್-ಎರಿಕ್ ಇದನ್ನು ಆಮೇಲೆ ಹೇಳಿದರು. ಅಂದು ಅದೇನೂ ಗೊತ್ತಿರಲಿಲ್ಲ. ಮುದುಕಿ ಏನೋ ಕೇಳುತ್ತಾಳೆ, ಉತ್ತರಕ್ಕಾಗಿ ಮುಖ ನೋಡುತ್ತಾಳೆ.

"ನಾನು ಸ್ವೀಡಿಷ್‌ನಲ್ಲಿ ಹೇಳಿದೆ, ಆಕಿ ಮುಖ ತಿರುವಿದ್ಲು. ಏನು ಮಾಡ್ಲಿ? ನಮ್ಮ ಮಾತಿನಾಗ ಶುರು ಮಾಡಿದೆ. 'ಹೌದಬೇ, ಇಲ್ಲೇ ಅದೀನಿ, ಅಂಜಬ್ಯಾಡ' ಅಂದೆ. ಆಕಿ ಮುಖ ಈ ಕಡೆ ಹೊರಳಿಸಿ ಕೇಳಿಸ್ಕೊಂಡ್ಲು. ಆಮೇಲೆ ಆಕಿ ಒಂದು ಮಾತು, ನಾನು ಒಂದು ಮಾತು. ಆಕಿ ಅವ್ವನ್ನ ಕರೀತಿದ್ಲೋ ಏನೋ. ನಾನು ನಮ್ಮಪ್ಪನ ಟಾಂಗಾದ ಕಥಿ ಹೇಳ್ತಿದ್ದೆ. ಒಬ್ಬರದ್ದು ಒಬ್ಬರಿಗೆ ತಿಳೀಲಿಲ್ಲ. ಆದ್ರೂ ಅಷ್ಟು ಮಾತು ನಾನು ಎಷ್ಟೋ ವರ್ಷದಾಗ ಆಡಿರಲಿಲ್ಲ."

ಪೂರ್ತಿ ಕತ್ತಲಾಗುವ ಮೊದಲೇ ಎಲ್ಸಾಳ ಉಸಿರು ನಿಂತಿತು. ಕಣ್ಣು ಮುಚ್ಚಿಸಿ, ಒಲೆ ಆರಿಸಿ, ಸುಲೋಚನಾ ಹೊರಗೆ ಬಂದು ಬ್ಲೆಂಡಾಳ ಕತ್ತಿಗೆ ಮುಖವಿಟ್ಟು ಅತ್ತರು. "ಹೆಲಿಕಾಪ್ಟರ್ ಕರೆಸಿದ್ರೆ ಇನ್ನೊಂದು ಚಳಿಗಾಲ ನೋಡ್ತಿದ್ಲೇನೋ. ಈಗಲೂ ಕಾಡ್ತದ" ಎನ್ನುತ್ತಾರೆ. ಮೇಲಧಿಕಾರಿಗಳು ಸರಿಯಾದದ್ದನ್ನೇ ಮಾಡಿದಿರಿ ಅಂದಿದ್ದಾರೆ. ಆ ಮಾತಿನಿಂದ ಅವರಿಗೆ ನಿದ್ದೆಯೇನೂ ಬಂದಿಲ್ಲ.

ಈಗ ಮಂಜು ಕರಗಿದೆ. ಮೊದಲ ಮನೆಯ ಮುಂದೆ ಗಾಡಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯ ಅಜ್ಜನೊಬ್ಬ ಮೆಟ್ಟಿಲ ಮೇಲೆ ಕಾಯುತ್ತಿದ್ದಾನೆ. ನಿವೃತ್ತಿಯಾದ ಮೇಲೆ ಊರಿಗೆ ಹೋಗುವಿರಾ ಎಂದು ಕೇಳಿದರೆ ಸುಲೋಚನಾ ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ.

"ಊರಿನಾಗ ಯಾರಿದ್ದಾರೆ? ಇಲ್ಲೇ ಇರ್ತೀನಿ. ನನ್ನ ಕಡೀ ಹೊತ್ತಿಗೆ ನಾನೂ ಕನ್ನಡದಾಗೇ ಬಡಬಡಿಸ್ತೀನಿ ಅಂತ ಕಾಣ್ತದ. ಪಕ್ಕದಾಗ ಯಾರಾದ್ರೂ ಒಬ್ಬರು ಕೂತಿದ್ರೆ ಸಾಕ್ರಿ. ತಿಳೀಬೇಕಂತೇನಿಲ್ಲ. ಕೈ ಹಿಡಕೊಂಡು, ಹ್ಞೂಂ ಅಂದ್ರೆ ಸಾಕು."