ಮಂಗಳವಾರ ಯಾರೂ ಬರುವುದಿಲ್ಲ

ನಮ್ಮ ನೆಂಟರಲ್ಲಿ ಮಂಗಳವಾರ ಯಾರೂ ಕಾಯಿಲೆಯವರನ್ನು ನೋಡಲು ಹೋಗುವುದಿಲ್ಲ. ಹೋದರೆ ಕಾಯಿಲೆ ಹೆಚ್ಚುತ್ತದಂತೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದ ಮೇಲೆ, ಈ ಶಾಸ್ತ್ರ ಮಾಡಿದ ಪುಣ್ಯಾತ್ಮನಿಗೆ ನಾನು ದಿನಾ ಕೈ ಮುಗಿಯುತ್ತಿದ್ದೆ. ಉಳಿದ ದಿನಗಳಲ್ಲಿ ಹೊಳಲ್ಕೆರೆ, ಹೊಸದುರ್ಗದ ಬಸ್ಸುಗಳನ್ನು ನಮ್ಮ ಮನೆಗೆಂದೇ ಬಿಟ್ಟಿದ್ದಾರೇನೋ ಅನ್ನುವಷ್ಟು ನೆಂಟರು.

ಬಂದವರ ಕೈಯಲ್ಲಿ ಬ್ರೆಡ್ಡು, ಬಾಯಲ್ಲಿ ಸತ್ತವರ ಕಥೆ. "ನಮ್ಮ ಓಣ್ಯಾಗೂ ಒಬ್ಬಳಿಗೆ ಹಿಂಗೇ ಆಗಿತ್ತು ಕಣವ್ವ, ಭಾಳ ನರಳಿ ಹೋದ್ಲು. ನೀನು ಧೈರ್ಯವಾಗಿರು" ಎಂದು ಧೈರ್ಯ ತುಂಬಿ, ನಾನು ಕೊಟ್ಟ ಟೀಗೆ ಸಕ್ಕರೆ ಸಾಲದು ಎಂದು ಹೇಳಿ ಹೋಗುತ್ತಿದ್ದರು. ಅವ್ವನಿಗೆ ಕ್ಯಾನ್ಸರ್, ಇನ್ನು ವಾಸಿಯಾಗುವುದಿಲ್ಲ ಎಂಬುದು ಹಾಲು ಹಾಕುವವನಿಗೂ ಗೊತ್ತಿತ್ತು. ಅವ್ವನಿಗೆ ಮಾತ್ರ ಹೇಳಬಾರದೆಂದು ಚಿಕ್ಕಪ್ಪನ ಅಪ್ಪಣೆ. ಅವಳಿಗೆ ನಾವು ಹೇಳಿದ್ದು ಹೊಟ್ಟೆಹುಣ್ಣು. ಪಾಪ, ನಮ್ಮ ಮರ್ಯಾದೆ ಉಳಿಸಲು ಅವಳೂ ಹೂಂ ಅನ್ನುತ್ತಿದ್ದಳು.

ನೋವು ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ದೊಡ್ಡಾಸ್ಪತ್ರೆಯವರೇ ಮನೆಗೆ ಕಳಿಸಿದ್ದರೂ ಚಿಕ್ಕಪ್ಪ ಮತ್ತೆ ಬೆಂಗಳೂರಿನ ಐಸಿಯುಗೆ ಸೇರಿಸುವುದೆಂದು ಹೊರಟ. "ಮನ್ಯಾಗೇ ಇಟ್ಕಂಡು ಸಾಯ್ಸಿದ್ರು ಅಂತಾರಮ್ಮ ಜನ!" ಅವ್ವ ನನ್ನ ಕೈ ಹಿಡಿದು, "ನನ್ನ ಎಲ್ಲಿಗೂ ಕಳಿಸ್ಬ್ಯಾಡ" ಅಂದಳು. ಅವಳು ನನ್ನಲ್ಲಿ ಕೇಳಿದ್ದು ಅಷ್ಟೇ.

ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಬಂದು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ಕೇಳಿ ಕರೆಸಿದೆ. ಅವರು ಬಂದ ದಿನ ಚಿಕ್ಕಪ್ಪನ ಜೊತೆಗೆ ಅವನಕ್ಕ ಹೊಳಲ್ಕೆರೆ ಅತ್ತೆಯೂ ಮಂಚದ ಮೇಲೆ ಜಮಾಯಿಸಿದ್ದರು. "ಕೈ ಚೆಲ್ಲಿ ಕುಂತಂಗಲ್ವೇನ್ರೀ ಇದು?" ಎಂದು ಅತ್ತೆ ಕೇಳಿಯೇಬಿಟ್ಟರು.

"ಕಾಯಿಲೆ ಹೋಗಲ್ಲಮ್ಮ. ನೋವು ತಗ್ಗಿಸಬಹುದು, ನಿದ್ದೆ ಬರಿಸಬಹುದು. ಹೆಂಗೆ ನೋಡ್ಕೋಬೇಕು ಅಂತ ಮನೆಯವರಿಗೂ ಹೇಳಿಕೊಡ್ತೀವಿ. ಮಾರ್ಫಿನ್ ಮಾತ್ರೆ ಶುರು ಮಾಡಾಣ."

"ಅಯ್ಯಯ್ಯೋ, ಅದು ಚಟ ಹತ್ತಿದ್ರೆ?"

ಹೌದಲ್ಲ, ಎಂಥಾ ದೂರದೃಷ್ಟಿ! ಎದ್ದು ಕೂರಲಾಗದ ನಮ್ಮವ್ವ ನಾಳೆ ಚಂದ್ರವಳ್ಳಿ ಗುಹೆ ಸೇರಿಕೊಂಡು ಪುಂಡರ ಗುಂಪು ಕಟ್ಟಿಬಿಟ್ಟರೆ ಮನೆತನದ ಗತಿಯೇನು? ಸರಿಯಾಗಿ ಕೊಟ್ಟರೆ ಹಾಗೇನೂ ಆಗುವುದಿಲ್ಲವೆಂದು ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಆಮೇಲೆ ಅವರು ಅವ್ವನ ಕಡೆ ತಿರುಗಿ, "ನಿಮಗೇನು ಬೇಕಮ್ಮ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. "ಅತ್ತಿಗೆಗೆ ಬೆಂಗ್ಳೂರು ಬೇಕು" ಅಂದ ಚಿಕ್ಕಪ್ಪ. "ಅವಳಿಗೆ ಗಂಜಿ ಸಾಕು" ಅಂದರು ಅತ್ತೆ.

"ನಂಗೆ ಏನಾಗೈತೆ ಅಂತ ನಂಗೊತ್ತೈತೆ" ಅಂದಳು ಅವ್ವ. "ಈ ಮನ್ಯಾಗೇ ಇರ್ತೀನಿ. ನೋವು ಕಮ್ಮಿ ಮಾಡ್ರಿ. ಒಂದೀಟು ಮಂಡಕ್ಕಿ ಮೆಣಸಿನಕಾಯಿ ತರಿಸ್ರಿ."

"ಜನ ಏನಂತಾರೆ ಅತ್ತಿಗೆ?"

"ಜನ ಬರ್ಲಿ ಬಿಡಪ್ಪ. ಒಂದಿನ ಈ ಮಂಚದ ಮ್ಯಾಲೆ ಮಲಗ್ಲಿ. ಆಮ್ಯಾಲೆ ಅನ್ಲಿ."

ಬೆಂಗಳೂರಿನ ಮಾತು ಅಲ್ಲಿಗೆ ನಿಂತಿತು. ಮಾತ್ರೆ ಶುರುವಾದ ಮೇಲೆ ಸೆರಗು ಹೆಗಲ ಮೇಲೇ ಉಳಿಯಿತು. ಮೆಣಸಿನಕಾಯಿ ಬಜ್ಜಿಯ ತುದಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಖಾರ ಐತೆ ಕಣೇ" ಎಂದು ನಕ್ಕಳು. ಅದನ್ನು ಕಂಡು ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನೆಂಟರೂ ಬ್ರೆಡ್ಡೂ ನಿಲ್ಲಲಿಲ್ಲ. ಅದಕ್ಕೆ ಮಾತ್ರೆ ಇಲ್ಲವಂತೆ.

ಕೊನೆಯ ದಿನ ಬೆಳಿಗ್ಗೆ ತಲೆ ಬಾಚುತ್ತಿದ್ದಾಗ, "ಇವತ್ತು ಯಾವ ವಾರ?" ಅಂದಳು.

"ಮಂಗಳವಾರ ಅವ್ವ. ಯಾರೂ ಬರಲ್ಲ."

"ಹಂಗಾರೆ ಬಾಗ್ಲು ತೆಗಿ. ಗಾಳಿ ಬರ್ಲಿ."

ತೆಗೆದೆ. ಮಧ್ಯಾಹ್ನ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಯಲ್ಲೇ ಹೋದಳು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಎಷ್ಟೋ ಹೊತ್ತು ಹಾಗೇ ಕೂತಿದ್ದು, ಆಮೇಲೆ ಅತ್ತೆಗೆ ಫೋನು ಮಾಡಿದೆ. ಅವರು ಬೋರೆಂದು ಅತ್ತರು. "ಮಂಗ್ಳಾರ ಅಂತ ನಾಳೆ ಬರಾಣ ಅಂದ್ಕಂಡಿದ್ದೆ ಕಣೇ! ಬ್ರೆಡ್ಡೂ ತಂದಿಟ್ಟಿದ್ದೆ."

"ಬರ್ರಿ ಅತ್ತೆ," ಅಂದೆ, "ಇನ್ನು ಯಾವ ವಾರನಾದ್ರೂ ಬರಬಹುದು."