ಬಂಡೆಯ ಮೇಲೆ ಹೇಳಿದ ಸುಳ್ಳು ಚರಿತ್ರೆ

ನನ್ನ ಗಂಡ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನೆಂಟರು ಬಂದರೆ ಊರು ತೋರಿಸುವ ಕೆಲಸ ಅವರದೇ. ದೊಡ್ಡ ಬಸವಣ್ಣನಿಂದ ಶುರು. ಆಮೇಲೆ ಬ್ಯೂಗಲ್ ರಾಕ್, ಮಾರ್ಕೆಟ್ ಪಕ್ಕದ ಸುಲ್ತಾನರ ಮರದ ಅರಮನೆ, ಕೊನೆಗೆ ಲಾಲ್‌ಬಾಗಿನ ಬಂಡೆ. ನೆಂಟರಿಗೆ ಮಸಾಲೆ ದೋಸೆಯ ಆತುರ, ಇವರಿಗೆ ಚರಿತ್ರೆಯನ್ನು ಸರಿಯಾಗಿ ಒಪ್ಪಿಸುವ ಆತುರ. ಯಾರಾದರೂ ನಡುವೆ ತಪ್ಪು ಹೇಳಿದರೆ ತಿದ್ದದೆ ಬಿಡುತ್ತಿರಲಿಲ್ಲ. ಮದುವೆಯೊಂದರಲ್ಲಿ ಎಲೆಯ ಮೇಲಿನ ಅನ್ನ ಆರುತ್ತಿದ್ದರೂ ಪಕ್ಕದವರನ್ನು ತಿದ್ದುತ್ತ ಕೂತಿದ್ದು ನನಗೆ ನೆನಪಿದೆ. ಆ ಪಕ್ಕದವಳು ನಾನೇ.

ಈ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ಪೂರ್ತಿ ನಿಂತಿತು. ಎಡಗೈಯಲ್ಲಿ ಕೋಲು ಹಿಡಿದು ನಡೆಯುವಷ್ಟಾದರು, ಆದರೆ ಬಾಯಿಂದ ಒಂದು ಪದವಿಲ್ಲ. ಮಾತು ಕಲಿಸಲು ಬರುವಾಕೆ, ಮಾತು ಮರಳುವುದಿದ್ದರೆ ಮೊದಲ ತಿಂಗಳುಗಳಲ್ಲೇ ಹೆಚ್ಚು ಬರುತ್ತೆ ಎಂದಿದ್ದರು. ಆ ತಿಂಗಳುಗಳು ಮುಗಿಯುತ್ತಿದ್ದವು.

ಆಗ ನನಗೊಂದು ಹುಚ್ಚು ಯೋಚನೆ ಬಂತು. ಮಾತಿಗಿಂತ ಆಳದಲ್ಲಿ ಇವರಿಗಿರುವುದು ತಿದ್ದುವ ಚಟ. ಬೇಕೆಂದೇ ತಪ್ಪು ಚರಿತ್ರೆ ಹೇಳಿ ಅದನ್ನೇ ಕೆಣಕಿದರೆ?

ಭಾನುವಾರ ಬ್ಯೂಗಲ್ ರಾಕಿಗೆ ಕರೆದುಕೊಂಡು ಹೋದೆ. ಇಲ್ಲಿ ಕಹಳೆ ಊದುತ್ತಿದ್ದದ್ದು ಮಳೆ ಕರೆಯುವುದಕ್ಕೆ ಎಂದೆ. ಅವರು ಮರದಲ್ಲಿ ಜೋತುಬಿದ್ದ ಬಾವಲಿಗಳನ್ನು ನೋಡುತ್ತಿದ್ದರು. ಮುಂದಿನ ವಾರ ಮರದ ಅರಮನೆಯಲ್ಲಿ, ಇದು ಯಾವನೋ ಸಾಹುಕಾರನ ಛತ್ರವಾಗಿತ್ತಂತೆ ಎಂದೆ. ಹುಬ್ಬು ಅಲುಗಿತು. ಅಲುಗಿತೆಂದು ನಾನು ಅಂದುಕೊಂಡೆ. ಅಷ್ಟು ದಿನಗಳಿಂದ ಬರೀ ಆ ಹುಬ್ಬನ್ನೇ ದಿಟ್ಟಿಸುತ್ತಿದ್ದವಳ ಕಣ್ಣನ್ನು ಎಷ್ಟು ನಂಬಬಹುದು?

ಮೂರನೆಯ ಸಲ ಲಾಲ್‌ಬಾಗ್. ಹನುಮಂತನಗರದಲ್ಲಿರುವ ಅವರ ಅಕ್ಕ, ನನ್ನ ಅತ್ತಿಗೆ, ಜೊತೆಗೆ ಬಂದರು. ಬಂಡೆ ಹತ್ತುವುದರೊಳಗೆ ಮೂವರಿಗೂ ಏದುಸಿರು.

"ಪುಟ್ಟನ್ನ ಇಷ್ಟು ಎತ್ತರ ಹತ್ತಿಸ್ಬೇಕಿತ್ತೇನೆ? ಕೆಳಗಡೆ ಗಾಜಿನ ಮನೆ ಹತ್ರ ಕೂತ್ಕೊಂಡು ಕಡ್ಲೆಕಾಯಿ ತಿಂದಿದ್ರೆ ಚರಿತ್ರೆ ಓಡಿಹೋಗ್ತಿತ್ತಾ?" ಎಂದರು ಅತ್ತಿಗೆ; ತಮ್ಮ ಅವರಿಗೆ ಇಂದಿಗೂ ಪುಟ್ಟನೇ.

ನಾನು ಬಂಡೆಯ ಮೇಲಿನ ಹಳೆಯ ಗಡಿಗೋಪುರದ ಎದುರು ನಿಂತು ಜೋರಾಗಿಯೇ ಹೇಳಿದೆ: "ನೋಡಿ ಅತ್ತಿಗೆ, ಈ ಗೋಪುರ ಬ್ರಿಟಿಷ್ರು ಕಟ್ಟಿಸಿದ್ದು. ತೋಟದ ಮಾಲಿಗಳು ಕೆಲಸ ಮಾಡ್ತಿದ್ದಾರಾ ಅಂತ ನೋಡೋಕೆ."

ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ನಿಂತುಬಿಟ್ಟರು. "ಏನಮ್ಮಾ, ಬ್ರಿಟಿಷ್ರು ಎಲ್ಲಿಂದ ಬಂದ್ರು ಇಲ್ಲಿಗೆ? ಊರು ಕಟ್ಟಿದ ಗೌಡರ ಕಾಲದ್ದಲ್ವಾ ಇದು?"

"ಹೌದು."

ಹೇಳಿದ್ದು ನನ್ನ ಗಂಡ. ಒಡೆದ ದನಿ, ಆದರೆ ಅವರದೇ ದನಿ.

ಅತ್ತಿಗೆ ಅಲ್ಲೇ ಕೈಮುಗಿದರು. "ಮಾತು ಬಂತು ಕಣೇ. ಪುಟ್ಟಾ, ಇನ್ನೊಂದ್ಸಲ ಹೇಳೋ."

"ಹೌದು," ಎಂದರು.

ತಿದ್ದಿದರು ಎಂದುಕೊಂಡೆ. ಹಿರಿಯರ ಪರ ನಿಂತು ನನ್ನನ್ನೇ ತಿದ್ದಿದರು. ಖಚಿತವಾಗಬೇಕಿತ್ತು. "ರೀ, ಹಾಗಾದ್ರೆ ನಾನು ಹೇಳಿದ್ದು ತಪ್ಪಾ?"

"ಹೌದು."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. "ನಾನು ಹೇಳಿದ್ದೇ ಸರಿನಾ?"

"ಹೌದು."

ಹಿರಿಯರು ನನ್ನನ್ನೂ ಅವರನ್ನೂ ನೋಡಿ ಇಳಿದು ಹೋದರು. ಅತ್ತಿಗೆಗೆ ಇದೊಂದೂ ಕೇಳಿಸಲಿಲ್ಲ. ಅವರಾಗಲೇ ಫೋನು ತೆಗೆದು ಯಾರಿಗೋ, "ಬಂತು ಕಣ್ರೀ, ಲಾಲ್‌ಬಾಗಲ್ಲಿ ಬಂತು, ದೇವ್ರು ದೊಡ್ಡೋನು," ಎನ್ನುತ್ತಿದ್ದರು.

ನಾನು ಕೇಳುತ್ತ ಹೋದೆ. ಈಗ ಬೆಳಗಾ? ಹೌದು. ಸಾಯಂಕಾಲನಾ? ಹೌದು. ಮನೆ ಮಲ್ಲೇಶ್ವರದಲ್ಲಿದೆಯಾ? ಹೌದು. ನಮ್ಮ ಮನೆ ಇರುವುದು ಬಸವನಗುಡಿಯಲ್ಲಿ. ಬರುಬರುತ್ತ ನನ್ನ ದನಿ ಗದರಿಸಿದಂತಾಗಿತ್ತು. ಕೊನೆಗೆ, ಹೌದು ಎಂದು ಉತ್ತರಿಸಲಾಗದ ಪ್ರಶ್ನೆ ಬೇಕೆಂದು, "ನನ್ನ ಹೆಸರೇನು, ಹೇಳಿ," ಎಂದೆ.

ಅವರು ನನ್ನನ್ನೇ ನೋಡಿದರು. ತುಟಿ ಸೇರಿಸಿದರು, ಬಿಡಿಸಿದರು. ಹಣೆಯ ನರ ಉಬ್ಬಿತು. ನಾನು ಅವರ ಭುಜ ಹಿಡಿದುಕೊಂಡೆ. ಆ ಬಾಯೊಳಗೆ ನನ್ನ ಹೆಸರಿನ ಮೊದಲಕ್ಷರ ಕಂಡಂತಾಯಿತು.

"ಹೌದು," ಎಂದರು.

ಹೇಳಿದ್ದೇ ತಡ, ಜೋರಾಗಿ ತಲೆಯಾಡಿಸತೊಡಗಿದರು. ಅಲ್ಲ, ಅಲ್ಲ ಎಂದು. ಕೋಲಿನಿಂದ ಬಂಡೆಗೆ ಕುಟ್ಟಿದರು. ತಪ್ಪು ಎಂದು ಅವರಿಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು. ಮಳೆ ಕರೆಯುವ ಕಹಳೆ, ಸಾಹುಕಾರನ ಛತ್ರ, ನಾನು ಹೇಳಿದ ಒಂದೊಂದು ಸುಳ್ಳನ್ನೂ ತಿದ್ದಲಾಗದೆ ಒಳಗೇ ಇಟ್ಟುಕೊಂಡಿದ್ದರು.

"ಸಾಕು, ಬನ್ನಿ," ಎಂದೆ. ಅವರು ಬರಲಿಲ್ಲ. ಕುಟ್ಟುತ್ತಲೇ ಇದ್ದರು, ಮತ್ತೆ ತುಟಿ ಸೇರಿಸುತ್ತ.