ಟಿವಿ ಪಕ್ಕದ ಡಿಎನ್‌ಎಸ್ ಡಬ್ಬಿ

ಗೆಳೆಯರೇ, ನನ್ನ ಡಬ್ಬಿ ಇವತ್ತು ಗೆದ್ದಿತು!

ಬೆಳಿಗ್ಗೆ ಮನೆಯ ನೆಟ್ ನಿಂತಿತು. "ನಿಮ್ಮ ಡಬ್ಬಿಯಿಂದನ ನೆಟ್ ಹೋಗೈತಿ. ಇವತ್ತ ತಗದು ಅಟ್ಟದ ಮ್ಯಾಲೆ ಇಡ್ರಿ," ಎಂದಳು ಹೆಂಡತಿ. ನಿಜವಾಗಿ, ಅದಿರಿನ ಲಾರಿಯೊಂದು ಬೀದಿಯ ಕೇಬಲ್ ಹರಿದುಕೊಂಡು ಹೋಗಿತ್ತು. ಅವಳು ನಂಬಲಿಲ್ಲ.

ಆ ಡಬ್ಬಿ ನಮ್ಮ ಮನೆಯದೇ ಪುಟ್ಟ ಡಿಎನ್‌ಎಸ್ ಸರ್ವರ್. ಹೆಸರು ಕೊಟ್ಟರೆ ಅದು ಯಾವ ಯಂತ್ರದ್ದು ಎಂದು ತಿಳಿಸುತ್ತದೆ. ಫೋಟೋ ತುಂಬಿಟ್ಟ ಹಳೆಯ ಕಂಪ್ಯೂಟರಿಗೆ 'ಫೋಟೋ ಡಾಟ್ ಹೋಮ್' ಎಂದು ಹೆಸರಿಟ್ಟಿದ್ದೆ.

ಅಷ್ಟರಲ್ಲಿ ಸಂಡೂರಿನ ಸೋದರಮಾವ ಬಂದರು. ತಮ್ಮ ಮಗಳ ನಿಶ್ಚಿತಾರ್ಥದಲ್ಲಿ ನಾನು ತೆಗೆದ ಫೋಟೋ ಅವರಿಗೆ ನೋಡಬೇಕಿತ್ತು.

"ನೆಟ್ ಇಲ್ಲ, ಹೆಂಗ್ ನೋಡ್ತೀರಿ?" ಎಂದಳು ಹೆಂಡತಿ.

"ಮಾವ, ಹೊರಗಿನ ನೆಟ್ ಹೋದ್ರೂ ಮನ್ಯಾಗಿನ ವೈಫೈ ನಡೀತೈತಿ. ಅದಕ್ಕ ಸೇರಿ 'ಫೋಟೋ ಡಾಟ್ ಹೋಮ್' ಅಂತ ಟೈಪ್ ಮಾಡ್ರಿ," ಎಂದೆ.

ಮಾಡಿದರು. ಫೋಟೋಗಳೆಲ್ಲ ಅವರ ಮೊಬೈಲಿನಲ್ಲಿ! "ಭಾಳ ಮಸ್ತ್ ಐತಲೇ!" ಎಂದು ಮಾವ ಎದ್ದೇ ನಿಂತರು. ನಾನು ಕುಣಿಯುವುದೊಂದು ಬಾಕಿ. ಹೆಂಡತಿ ಅಟ್ಟದ ಮಾತು ಬಿಟ್ಟಳು.

ಸಂಜೆ ಸಂಡೂರಿಗೆ ಮರಳಿದ ಮಾವ ಫೋನ್ ಮಾಡಿದರು. "ಲೇ, ಬೀಗರಿಗೆ ತೋರ್ಸೋಣಂತ ಅದ ಹೆಸರು ಟೈಪ್ ಮಾಡೀನಿ. ಇಲ್ಲಿ ಬರವಲ್ದು!"

"ಮಾವ, ಆ ಹೆಸರು ನಮ್ಮ ಮನ್ಯಾಗಷ್ಟ ನಡೀತೈತಿ."

ಸ್ಪೀಕರಿನಲ್ಲಿದ್ದ ಮಾತು ಕೇಳಿದ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ಡಬ್ಬಿ ಮಾತು ಮನ್ಯಾಗರೆ ನಡೀತೈತಿ ಮಾವ, ಇವರ್ದು ಅದೂ ಇಲ್ಲ!"

ಡಬ್ಬಿ ಟಿವಿ ಪಕ್ಕದಲ್ಲೇ ಇದೆ. ಆ ಮಟ್ಟಿಗೆ ನಾನು ತೃಪ್ತ.